ಸತ್ತವರ ಸಾಲಿನಲ್ಲಿ ತೋದೆರ್

ನಮ್ಮ ವಾಲ್ಯಾ ಮೋರಿ ಹಳ್ಳಿಯ ಸಾಫ್ತಾ ಹೆದರುವ ಹೆಂಗಸಾಗಿರಲಿಲ್ಲ. ಗಂಡ ಮಿಹಾಲಾಕೆ ಕೊಟ್ಟಿಗೆಯ ಚಾವಣಿ ರಿಪೇರಿ ಮಾಡುವಾಗ ಬಿದ್ದು ತೀರಿಕೊಂಡಾಗ ಆಕೆಗೆ ಮೂವತ್ತೆಂಟು ವರ್ಷ. ಆಮೇಲೆ ಇಪ್ಪತ್ತು ವರ್ಷ ಒಬ್ಬಳೇ ಸಾಮೂಹಿಕ ಬೇಸಾಯದ ಕೊಟ್ಟಿಗೆಯಲ್ಲಿ ಹಾಲು ಕರೆದಳು. ಮಗಳನ್ನು ಪಕ್ಕದ ಊರಿಗೆ ಮದುವೆ ಮಾಡಿ ಕೊಟ್ಟಳು. ಒಮ್ಮೆ ಹಗ್ಗ ಹರಿದುಕೊಂಡು ಬಂದ ಹೋರಿಯ ಮೂತಿಗೆ ಹಾಲಿನ ಬಕೆಟ್ಟಿನಿಂದಲೇ ಬಾರಿಸಿ ಅದನ್ನು ಹಿಂದಕ್ಕೆ ಅಟ್ಟಿದಳು. ನನ್ನ ಮನೆಗೂ ಅವಳ ಮನೆಗೂ ನಡುವೆ ಒಂದು ಬೇಲಿ ಮಾತ್ರ ಇದ್ದುದರಿಂದ ಇವನ್ನೆಲ್ಲ ನಾನು ಕಣ್ಣಾರೆ ಕಂಡವನು. ಅಂಥವಳು ಆ ವರ್ಷ ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದ ದಿನಗಳಲ್ಲಿ ಹೆದರಿದಂತೆ ಬೇರೆ ಯಾರೂ ಹೆದರಿದ್ದನ್ನು ನಾನು ನೋಡಿಲ್ಲ.

ಉಪವಾಸ ಹಿಡಿಯುವ ಮುನ್ನ ಪ್ರತಿ ಮನೆಯಿಂದಲೂ ಚರ್ಚಿಗೆ ಒಂದು ಹೆಸರಿನ ಚೀಟಿ ಹೋಗಬೇಕು. ಕಾಗದವನ್ನು ನಡುವೆ ಮಡಿಸಿ, ಮೇಲೆ ಒಂದು ಶಿಲುಬೆ ಬರೆದು, ಎಡಗಡೆ ನಮ್ಮವರಲ್ಲಿ ಬದುಕಿರುವವರ ಹೆಸರು, ಬಲಗಡೆ ತೀರಿಕೊಂಡವರ ಹೆಸರು ಬರೆಯುತ್ತೇವೆ. ಮನೆತನದ ಹೆಸರು ಬೇಕಿಲ್ಲ, ದೀಕ್ಷಾಸ್ನಾನದ ಹೆಸರಷ್ಟೇ ಸಾಕು. ಬದುಕಿರುವವರ ಆರೋಗ್ಯಕ್ಕೆ ಒಂದು ಪ್ರಾರ್ಥನೆ, ಸತ್ತವರ ಶಾಂತಿಗೆ ಇನ್ನೊಂದು. ಉಪವಾಸದ ಶನಿವಾರಗಳಂದು ಗುರುಗಳು ಸತ್ತವರ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ. ನಾವು ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿದ ಕೊಲಿವಾ ತಟ್ಟೆಗಳನ್ನು ಹಿಡಿದು ನಿಂತು ಕೇಳುತ್ತೇವೆ. ಬದುಕಿರುವವನ ಹೆಸರನ್ನು ಸತ್ತವರ ಕಡೆ ಬರೆದುಕೊಟ್ಟರೆ ಅವನು ಬಾಡಿ ಒಣಗಿ ಹೋಗುತ್ತಾನೆಂದು, ಹಗೆಯಿದ್ದವರು ಬೇಕೆಂದೇ ಹಾಗೆ ಮಾಡುತ್ತಾರೆಂದು ನಮ್ಮ ಮುದುಕಿಯರು ಪಿಸುಗುಟ್ಟುವುದುಂಟು.

ಸಾಫ್ತಾಳಿಗೂ ಅವಳ ಅಣ್ಣ ತೋದೆರನಿಗೂ ಏಳು ವರ್ಷಗಳಿಂದ ಮಾತಿರಲಿಲ್ಲ. ಅವರ ತಾಯಿ ಅಂಗೆಲೀನಾ ತೋದೆರನ ಮನೆಯಲ್ಲಿ ತೀರಿಕೊಂಡಾಗ ಅವಳ ಕೈಯಲ್ಲಿ ಉರಿಯುವ ಮೇಣದಬತ್ತಿ ಇರಲಿಲ್ಲ. ಬತ್ತಿಯಿಲ್ಲದೆ ಸಾಯುವುದೆಂದರೆ ನಮ್ಮಲ್ಲಿ ದೊಡ್ಡ ದುಃಖ. ಕತ್ತಲ ದಾರಿಯಲ್ಲಿ ಒಬ್ಬರೇ ಹೊರಟ ಹಾಗೆ. ಸಾಫ್ತಾ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬತ್ತಿ ಪಕ್ಕದ ಕೋಣೆಯ ಗೂಡಿನಲ್ಲಿ ಹೊಸದಾಗಿಯೇ ಬಿದ್ದಿತ್ತು. "ಅಮ್ಮನ್ನ ಕತ್ತಲಿಗೆ ಕಳಿಸಿದ್ಯಲ್ಲೋ!" ಎಂದು ಸಾಫ್ತಾ ಹೆಣದ ಮುಂದೆಯೇ ಕೂಗಿದಳು. ತೋದೆರ್ ತುಟಿ ಬಿಚ್ಚಲಿಲ್ಲ. ಅಂದಿನಿಂದ ಅವನ ಮನೆಯ ಬೀದಿಯಲ್ಲಿ ಅವಳು ಕಾಲಿಡಲಿಲ್ಲ. ಆದರೂ ಪ್ರತಿ ವರ್ಷ ಚೀಟಿಯ ಎಡಗಡೆ ಅವನ ಹೆಸರನ್ನು ಹಲ್ಲು ಕಚ್ಚಿಕೊಂಡಾದರೂ ಬರೆಯುತ್ತಿದ್ದಳು. ಒಡಹುಟ್ಟಿದವನನ್ನು ಬಿಡುವಂತಿಲ್ಲವಲ್ಲ.

ಮೂರನೆಯ ಶನಿವಾರ ಗುರುಗಳಾದ ಗವ್ರಿಲ್ ಅವರು ಕನ್ನಡಕ ಏರಿಸಿಕೊಂಡು ಚೀಟಿಗಳನ್ನು ಓದುತ್ತಿದ್ದರು. ಅವರದು ಗುಡುಗಿನಂಥ ಕಂಠ. "ಇಫ್ರಿಂ, ಅಂಗೆಲೀನಾ, ತೋದೆರ್, ಮಿಹಾಲಾಕೆ..." ತಂದೆ, ತಾಯಿ, ಗಂಡ. ಇದು ತನ್ನದೇ ಚೀಟಿ. ನಡುವೆ ಯಾವ ತೋದೆರ್ ಎಂದು ಸಾಫ್ತಾ ಒಂದು ಗಳಿಗೆ ಯೋಚಿಸಿದಳಂತೆ. ತಮ್ಮ ಮನೆಯಲ್ಲಿ ಸತ್ತವರಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಪೂಜೆ ಮುಗಿದ ಮೇಲೆ ಚೀಟಿಗಳನ್ನಿಡುವ ಚರ್ಚಿನ ಹಾಡುಗಾರರ ಮೇಜಿನಿಂದ ತನ್ನ ಚೀಟಿ ತೆಗೆಸಿ ನೋಡಿದಳು. ತನ್ನದೇ ಅಕ್ಷರ. ತಾಯಿಯ ಹೆಸರಿನ ಕೆಳಗೆ ಅಚ್ಚುಕಟ್ಟಾಗಿ, ತಿದ್ದಿದ ಗುರುತು ಕೂಡ ಇಲ್ಲದೆ, ತೋದೆರ್. ಎಡಗಡೆ ಅವನ ಹೆಸರಿರಲಿಲ್ಲ.

ಹಿಂದಿನ ಎರಡು ಶನಿವಾರಗಳಂದು ಅವಳು ಹೊರಗೆ ಕೊಲಿವಾ ಹಂಚುವ ಸಿದ್ಧತೆಯಲ್ಲಿದ್ದುದರಿಂದ ಓದಿದ್ದು ಕಿವಿಗೆ ಬಿದ್ದಿರಲಿಲ್ಲ. ಅಂದರೆ ಅದಾಗಲೇ ಮೂರು ಸಲ ಓದಿಯಾಗಿತ್ತು.

ಅಂಗಳದಲ್ಲಿ ಹೆಂಗಸರು ಮಾತಾಡುತ್ತಿದ್ದರು. "ಗೊತ್ತಾಯ್ತಾ ಸಾಫ್ತಾ? ನಿಮ್ಮಣ್ಣ ರಕ್ತ ಕಾರಿಕೊಂಡ್ನಂತೆ. ಹೊಟ್ಟೇಲಿ ಗಂಟಂತೆ. ಬುಧವಾರ ಪಟ್ಟಣದ ಆಸ್ಪತ್ರೆಗೆ ಸೇರಿಸ್ತಾರೆ, ಗುರುವಾರ ಕೊಯ್ತಾರೆ."

"ಯಾವಾಗಿಂದ?" ಎಂದಳು ಸಾಫ್ತಾ.

"ಉಪವಾಸ ಹಿಡಿದಾಗಿಂದ ಅಂತೆ."

ಅವಳು ಮನೆಗೆ ಹೋಗದೆ ನೇರವಾಗಿ ನನ್ನ ಬಾಗಿಲಿಗೆ ಬಂದಳು. ಚೀಟಿಯನ್ನು ಮೇಜಿನ ಮೇಲಿಟ್ಟು ಬೆರಳು ತೋರಿಸಿದಳು. "ಮೇಷ್ಟ್ರೇ, ನೀವು ನಲವತ್ತು ವರ್ಷ ಮಕ್ಕಳ ಬರಹ ನೋಡಿದೋರು. ಹೇಳಿ. ಇದು ಕೈ ತಪ್ಪಿ ಬರೆದದ್ದಾ, ಮನಸ್ಸು ಬರೆಸಿದ್ದಾ?"

ಹೋದ ವರ್ಷದ ಚೀಟಿ ನೋಡಿ ನಕಲು ಮಾಡುತ್ತಿದ್ದಳಂತೆ. ಅಮ್ಮನ ಹೆಸರು ಬರೆಯುವಾಗ ಬತ್ತಿಯ ನೆನಪಾಗಿ ಹೊಟ್ಟೆ ಉರಿದಿತ್ತು. ಆಮೇಲೆ ಏನು ಬರೆದೆನೆಂಬುದೇ ನೆನಪಿಲ್ಲ. ನಾನು ಚೀಟಿಯನ್ನು ಮಡಿಸಿ ಅವಳ ಕೈಗೆ ಕೊಟ್ಟೆ. "ಆಪರೇಷನ್ ಮುಗಿಯಲಿ. ಅಲ್ಲೀವರೆಗೆ ಅವನಿಗೆ ಏನೂ ಹೇಳಬೇಡ. ರೋಗಿ ಹೆದರಿದರೆ ಕಷ್ಟ" ಎಂದಷ್ಟೇ ಬುದ್ಧಿ ಹೇಳಿದೆ. ನನ್ನ ಬುದ್ಧಿವಾದ ಅಷ್ಟು ಒಳ್ಳೆಯದಾಗಿರಲಿಲ್ಲವೆಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ಭಾನುವಾರ ಅವಳು ಉಣ್ಣಲಿಲ್ಲ. ಬೇಲಿಯಾಚೆ ಅಂಗಳದಲ್ಲಿ ಅತ್ತಿಂದಿತ್ತ ನಡೆಯುವುದು ಕಾಣುತ್ತಿತ್ತು. ಮಧ್ಯೆ ಒಮ್ಮೆ ನಿಂತು ಕೂಗಿದಳು: "ಹೇಳಿದ್ರೆ ಹೆದರಿ ಸಾಯ್ತಾನೆ ಮೇಷ್ಟ್ರೇ. ಹೇಳದೆ ಹೋದ್ರೆ ನನ್ನಿಂದ ಸಾಯ್ತಾನೆ. ಯಾವುದು ವಾಸಿ?"

ಸೋಮವಾರ ಬೆಳಗ್ಗೆ ಗುರುಗಳ ಮನೆಗೆ ಹೋದಳು. ಗವ್ರಿಲ್ ಅವರು ಹಿತ್ತಲಿನಲ್ಲಿ ಜೇನುಪೆಟ್ಟಿಗೆಯ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದರು.

"ಗುರುಗಳೇ, ನಾನು ನಮ್ಮಣ್ಣನ್ನ ಕೊಂದುಬಿಟ್ಟೆ."

ಸುತ್ತಿಗೆ ನಿಂತಿತು. "ಯಾವಾಗ?"

"ನೀವೇ ಓದಿದ್ರಲ್ಲ. ಮೂರು ಶನಿವಾರ."

ಅವರು ಚೀಟಿ ಇಸಿದುಕೊಂಡು ಓದಿ, ಗಡ್ಡ ಕೆರೆದುಕೊಂಡರು. "ಹಾಗಾದ್ರೆ ಪೊಲೀಸರು ನನ್ನನ್ನೂ ಕಟ್ಟಿಕೊಂಡು ಹೋಗಬೇಕು. ನೀನು ಸದ್ದಿಲ್ಲದೆ ಬರೆದೆ, ನಾನು ಊರಿಗೆಲ್ಲ ಕೇಳೋ ಹಾಗೆ ಕೂಗಿದೆ. ಈ ಊರಲ್ಲಿ ಎಷ್ಟು ಜನ ತೋದೆರ್ ಸತ್ತಿದ್ದಾರೆ, ನನಗೇನು ಗೊತ್ತು?"

"ನಗಬೇಡಿ ಗುರುಗಳೇ."

"ನಗ್ತಿಲ್ಲ ಕಣಮ್ಮ. ಕೂತ್ಕೋ." ಒಂದು ಮರದ ಪೆಟ್ಟಿಗೆಯನ್ನು ಅವಳ ಕಡೆ ತಳ್ಳಿದರು. "ದೇವರು ಕಚೇರಿ ಗುಮಾಸ್ತನಾ, ಯಾವ ಕಾಗದ ಕೊಟ್ಟರೂ ಕಣ್ಣುಮುಚ್ಚಿ ಮುದ್ರೆ ಒತ್ತೋಕೆ? ಕಾಗದದಲ್ಲಿ ಎರಡು ಸಾಲು ಮಾಡಿಕೊಂಡೋರು ನಾವು. ಅವನ ಹತ್ರ ಇರೋದು ಒಂದೇ ಸಾಲು. ಅವನ ಕಣ್ಣಿಗೆ ಸಾವಿರಾರು ವರ್ಷದ ಹಿಂದೆ ಸತ್ತ ಅಬ್ರಹಾಮನೂ ಬದುಕಿದ್ದಾನೆ, ನಿಮ್ಮಮ್ಮನೂ ಬದುಕಿದ್ದಾಳೆ."

"ಅಮ್ಮ ಬತ್ತಿ ಇಲ್ಲದೆ ಹೋದಳು."

"ಬೆಳಕನ್ನೇ ಮಾಡಿದೋನಿಗೆ ಅಂಗೆಲೀನಾಳನ್ನ ಹುಡುಕೋಕೆ ನಮ್ಮನೆ ಬತ್ತಿ ಬೇಕಿತ್ತಾ?"

ಸಾಫ್ತಾ ತಲೆ ಎತ್ತಿದಳು. ಆ ಹೊತ್ತಿನಲ್ಲೂ ಅವಳ ವಾದದ ಬುದ್ಧಿ ಸತ್ತಿರಲಿಲ್ಲ. "ಹಾಗಾದ್ರೆ ಬತ್ತಿ ಯಾಕೆ ಹಚ್ಚಿಸ್ತೀರಿ? ಚೀಟಿ ಯಾಕೆ ಬರೆಸ್ತೀರಿ? ಎಲ್ಲಾ ಬಿಟ್ಟುಬಿಡಿ ಮತ್ತೆ!"

ಗುರುಗಳು ಸುತ್ತಿಗೆಯನ್ನು ಕೆಳಗಿಟ್ಟರು. "ನಮಗೋಸ್ಕರ. ನಾವು ಮರೆಯೋ ಜನ. ತಿಂಗಳಾದ್ರೆ ಸತ್ತೋರನ್ನ ಮರೀತೀವಿ, ಕೋಪ ಬಂದ್ರೆ ಬದುಕಿರೋರನ್ನೂ ಮರೀತೀವಿ. ಅವನು ಮರೆಯೋದಿಲ್ಲ. ಅವನ ದಯೆ ಇರೋದೇ ಅಲ್ಲಿ."

"ನಾನು ಬೇಕು ಅಂತ ಬರೆದ್ನಾ ಗುರುಗಳೇ? ಅಷ್ಟು ಹೇಳಿ. ರಾತ್ರಿಯೆಲ್ಲಾ ಅದೇ ಕೇಳ್ಕೊಂಡೆ."

"ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಅದನ್ನ ತಿಳ್ಕೊಂಡೇ ಕ್ಷಮೆ ಕೇಳಬೇಕು ಅಂತೇನಿಲ್ಲ." ಅವರು ಜೇಬಿನಿಂದ ಪೆನ್ಸಿಲ್ ತೆಗೆದು ಬಲಗಡೆಯ ಹೆಸರನ್ನು ಹೊಡೆದುಹಾಕಿ, ಎಡಗಡೆ ಬರೆದರು. "ಕಾಗದದ ಕೆಲಸ ಮುಗೀತು. ಇನ್ನು ನಿನ್ನ ಕೆಲಸ. ಬಲಿಪೀಠದ ಮುಂದೆ ಕಾಣಿಕೆ ಇಡೋಕೆ ಹೋದಾಗ, ಅಣ್ಣನಿಗೆ ನಿನ್ನ ಮೇಲೆ ಏನೋ ಬೇಸರ ಇದೆ ಅಂತ ನೆನಪಾದ್ರೆ ಏನು ಮಾಡು ಅಂದಿದ್ದಾನೆ ಕ್ರಿಸ್ತ?"

"ಕಾಣಿಕೆ ಅಲ್ಲೇ ಬಿಟ್ಟು, ಮೊದಲು ಹೋಗಿ ಅವನ ಜೊತೆ ರಾಜಿಯಾಗು ಅಂದಿದ್ದಾನೆ."

"ಬುಧವಾರ ಬೆಳಗ್ಗೆ ಅವನು ಆಸ್ಪತ್ರೆಗೆ ಹೋಗೋ ಬಸ್ಸು ಹೊರಡೋದು ಏಳು ಗಂಟೆಗೆ."

ಮಂಗಳವಾರ ಮಧ್ಯಾಹ್ನ ಸಾಫ್ತಾ ಏಳು ವರ್ಷಗಳ ಬಳಿಕ ಆ ಬೀದಿಗೆ ಹೋದಳು. ಗೇಟಿನಲ್ಲಿ ತೋದೆರನ ಹೆಂಡತಿ ವರ್ವಾರಾ ಕಂಬಳಿ ಝಾಡಿಸುತ್ತಿದ್ದಳು.

"ಏನು, ದಾರಿ ಈಗ ಸಿಕ್ತಾ? ಏಳು ವರ್ಷ ಬೇಕಾಯ್ತಾ ನಾಲ್ಕು ಮನೆ ದಾಟೋಕೆ?"

"ಬೈಯಿ ಅತ್ತಿಗೆ. ಆಮೇಲೆ ಬೈಯಿ. ಮೊದಲು ಅಣ್ಣನ್ನ ನೋಡ್ಬೇಕು."

ತೋದೆರ್ ಒಲೆಯ ಪಕ್ಕದ ಬೆಂಚಿನ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಮುಖ ಹಳದಿಯಾಗಿತ್ತು. ಸಾಫ್ತಾ ಕೂರಲಿಲ್ಲ. ನಿಂತಲ್ಲೇ, ಪಾಠ ಒಪ್ಪಿಸುವ ಹಾಗೆ, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟಳು.

ವರ್ವಾರಾ ಶಿಲುಬೆಯ ಗುರುತು ಹಾಕಿಕೊಂಡು ಕಿರುಚಿದಳು. "ಮಾಟಗಾತಿ! ಮನೆಗೆ ಬಂದು ಬಾಯಿಬಿಟ್ಟು ಹೇಳ್ತಾಳೆ ನೋಡು!"

"ಏ, ಸುಮ್ನಿರೇ" ಎಂದ ತೋದೆರ್. ಅವನು ನಗತೊಡಗಿದ್ದ. ನೋವಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಅಂದ್ರೆ ಮೂರು ವಾರದಿಂದ ಊರೋರೆಲ್ಲ ನನ್ನ ಹೆಸರಲ್ಲಿ ಕೊಲಿವಾ ತಿಂದಿದ್ದಾರೆ ಅನ್ನು. ಅಕ್ರೋಟು ಹಾಕಿದ್ಯೋ, ಅಲ್ಲೂ ಜಿಪುಣತನ ಮಾಡಿದ್ಯೋ?"

ಯಾರೂ ನಗಲಿಲ್ಲ. ಅವನ ನಗೆಯೂ ನಿಧಾನವಾಗಿ ಆರಿತು. ಆಮೇಲೆ ಅವನ ಮುಖದ ಮೇಲೆ ಬಂದದ್ದು ಭಯ. ಅದು ಸಾಫ್ತಾಳಿಗೆ ಕಂಡಿತು.

"ಬೇಕು ಅಂತ ಬರೆದ್ಯಾ?"

"ಗೊತ್ತಿಲ್ಲ ಅಣ್ಣ. ಇಲ್ಲ ಅನ್ನೋಣ ಅಂತಲೇ ಬಂದೆ. ಆದ್ರೆ ನನಗೆ ಗೊತ್ತಿಲ್ಲ."

ತೋದೆರ್ ಒಲೆಯ ಬೆಂಕಿಯ ಕಡೆ ಮುಖ ತಿರುಗಿಸಿದ. "ಬತ್ತಿ ವಿಷಯಕ್ಕಾ?" ಎಂದ.

ಅವಳು ತಲೆಯಾಡಿಸಿದಳು.

"ಬತ್ತಿ ಆ ಕೋಣೇಲಿತ್ತು. ಹತ್ತು ಹೆಜ್ಜೆ. ವರ್ವಾರಾ ನಿನ್ನ ಕರೆಯೋಕೆ ಓಡಿದ್ಲು. ನಾನೊಬ್ಬನೇ ಇದ್ದೆ. ಅಮ್ಮ ನನ್ನ ಕೈ ಹಿಡ್ಕೊಂಡಿದ್ಲು. ಬತ್ತಿ ತರ್ತೀನಿ ಅಮ್ಮ ಅಂದೆ. ಬಿಡಲಿಲ್ಲ. ಹೋಗಬೇಡ ಅಂದ್ಲು. ಬಿಡಿಸ್ಕೊಂಡು ಹೋಗಬಹುದಿತ್ತು, ಅವಳಿಗೆಲ್ಲಿ ಶಕ್ತಿ ಇತ್ತು? ನನ್ನಿಂದ ಆಗಲಿಲ್ಲ. ಹಾಗೇ ಹೋದ್ಲು, ಕೈ ಹಿಡ್ಕೊಂಡೇ."

ಸಾಫ್ತಾ ಈಗ ಕೂತಳು, ನೆಲದ ಮೇಲೆ. "ಹೇಳಬಾರದಿತ್ತಾ?"

"ನೀನು ಕೇಳಿದ್ಯಾ? ಬಂದವಳೇ ಬೈದೆ. ನಾನೂ ಏಳು ವರ್ಷ ಹಟ ಹಿಡಿದೆ." ಮತ್ತೆ ಹೇಳಿದ: "ನೀನಾದ್ರೂ ನನ್ನನ್ನ ಒಂದು ಕಡೆ ಬರೆದೆ. ನಾನು ನಿನ್ನನ್ನ ಯಾವ ಕಡೆಯೂ ಬರೆದಿಲ್ಲ. ಏಳು ವರ್ಷ. ಅದಕ್ಕೇನಂತಾರೆ ನಿಮ್ಮ ಗುರುಗಳು?"

ಕ್ಷಮಿಸಿದೆ ಎಂಬ ಮಾತು ಇಬ್ಬರ ಬಾಯಿಂದಲೂ ಬರಲಿಲ್ಲವಂತೆ. ನಮ್ಮ ಕಡೆಯವರಿಗೆ ಆ ಮಾತು ಸುಲಭವಾಗಿ ಬರುವುದಿಲ್ಲ. ಹೊರಡುವಾಗ ತೋದೆರ್, "ಗುರುವಾರ ಬರ್ತೀಯಾ?" ಎಂದು ಕೇಳಿದ. ಅವಳು ಬರುತ್ತೇನೆಂದಳು.

ಆಸ್ಪತ್ರೆಯ ಓಣಿಯಲ್ಲಿ ಹಸಿರು ಬಣ್ಣ ಬಳಿದ ಗೋಡೆಗೆ ಒರಗಿ ಇಬ್ಬರು ಹೆಂಗಸರೂ ನಾಲ್ಕು ಗಂಟೆ ಹೊತ್ತು ಕೂತರು. ನಾನೂ ಜೊತೆಗೆ ಹೋಗಿದ್ದೆ. ಸಾಫ್ತಾಳ ತುಟಿಗಳು ಅಲುಗುತ್ತಿದ್ದವು. ಆದರೆ ಹೆಸರು ಬರುವ ಕಡೆ ನಿಂತುಬಿಡುತ್ತಿದ್ದವು. ಅವನ ಹೆಸರೆತ್ತಲು ಅವಳಿಗೆ ಧೈರ್ಯವಿರಲಿಲ್ಲ. ತನ್ನ ನಾಲಿಗೆಯೂ ತನ್ನ ಕೈಯ ಹಾಗೆ ಮಾಡಿಬಿಟ್ಟರೆ?

ವರ್ವಾರಾ ಅದನ್ನು ಗಮನಿಸುತ್ತಲೇ ಇದ್ದಳು. ಕೊನೆಗೆ ತಡೆಯಲಾರದೆ ಸಿಡುಕಿದಳು. "ಒಳಗೊಳಗೇ ಏನು ಗೊಣಗ್ತೀಯಾ? ಬಾಯಿಬಿಟ್ಟು ಹೇಳು. ಬದುಕಿರೋರ ಜೊತೆ ನನ್ನ ಗಂಡನ ಹೆಸರು ನಿನ್ನ ಬಾಯಲ್ಲಿ ಬರೋದನ್ನ ನಾನು ಕೇಳಬೇಕು."

"ಹೆದರಿಕೆ ಆಗ್ತದೆ ಅತ್ತಿಗೆ."

"ನನಗೇನು ಹಬ್ಬ ಆಗ್ತಿದೆಯಾ? ಹೇಳು!"

ಸಾಫ್ತಾ ಎದ್ದು ನಿಂತಳು. ತನ್ನ ಮಗಳಿಂದ ಶುರುಮಾಡಿ, ಅಳಿಯ, ವರ್ವಾರಾ, ನಾನು, ಗುರುಗಳು, ಒಳಗಿರುವ ಹೆಸರು ಗೊತ್ತಿಲ್ಲದ ಡಾಕ್ಟರು ಎಂದು ಒಬ್ಬೊಬ್ಬರನ್ನೇ ದೇವರ ಮುಂದೆ ನಿಲ್ಲಿಸಿದಳು. ಕೊನೆಗೆ "ತೋದೆರ್" ಎಂದಳು. "ಪ್ರಭುವೇ, ನಮ್ಮಣ್ಣ ತೋದೆರ್. ದಯೆ ತೋರು." ಮತ್ತೊಮ್ಮೆ ಹೇಳಿದಳು, ಇನ್ನೂ ಗಟ್ಟಿಯಾಗಿ. ದಾದಿಯೊಬ್ಬಳು ಬಾಗಿಲಿನಿಂದ ಇಣುಕಿ, "ಅಮ್ಮ, ಇದು ಆಸ್ಪತ್ರೆ" ಎಂದಳು. "ಅದಕ್ಕೇ ಹೇಳ್ತಿರೋದು!" ಎಂದಳು ವರ್ವಾರಾ.

ಡಾಕ್ಟರು ಹೊರಬಂದಾಗ ಮಧ್ಯಾಹ್ನ ಎರಡು ಗಂಟೆಯಾಗಿತ್ತು. ಅರ್ಧದಷ್ಟು ಜಠರ ತೆಗೆದಿದ್ದೇವೆ, ರೋಗಿ ಉಸಿರಾಡುತ್ತಿದ್ದಾನೆ, ಗಂಟು ಎಂಥದ್ದೆಂದು ಪರೀಕ್ಷೆಗೆ ಕಳಿಸಬೇಕು, ಮೂರು ವಾರ ಕಾಯಿರಿ ಎಂದರು.

ಆ ಮೂರು ವಾರ ಸಾಫ್ತಾಳ ಹೆದರಿಕೆ ಕಡಿಮೆಯಾಯಿತೆಂದು ನಾನು ಹೇಳಲಾರೆ. ಅಣ್ಣ ಆಸ್ಪತ್ರೆಯಿಂದ ಬಂದ ಮೇಲೆ ದಿನವೂ ಅವನ ಮನೆಗೆ ತರಕಾರಿಯ ಹುಳಿ ಸಾರು ಒಯ್ಯುತ್ತಿದ್ದಳು. ಉಪ್ಪು ಹೆಚ್ಚೆಂದು ವರ್ವಾರಾ ಬೈಯುತ್ತಿದ್ದಳು. ಅಂಚೆಯವನ ಸೈಕಲ್ಲಿನ ಸದ್ದಾದರೆ ಇಬ್ಬರ ಮುಖವೂ ಬಿಳಿಚಿಕೊಳ್ಳುತ್ತಿತ್ತು. ಆದರೆ ಅಂಗಳದಲ್ಲಿ ಒಬ್ಬಳೇ ಅತ್ತಿಂದಿತ್ತ ನಡೆಯುವುದು ಮಾತ್ರ ನಿಂತಿತ್ತು.

ಈಸ್ಟರ್ ಕಳೆದು ನಾಲ್ಕನೆಯ ದಿನ ಕಾಗದ ಬಂತು. ಗಂಟು ಕೆಟ್ಟದ್ದೇ ಆಗಿತ್ತು. ಆದರೆ ಬೇರುಸಹಿತ ತೆಗೆದಿದ್ದರು. ಸದ್ಯಕ್ಕೆ ಭಯವಿಲ್ಲ, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದು ಬರೆದಿತ್ತು. ಸಾಫ್ತಾ ಆ ಕಾಗದ ಹಿಡಿದು ಗುರುಗಳ ಮನೆಗೆ ಓಡಿದಳು. ನಾನು ಅಲ್ಲೇ ಇದ್ದೆ.

ಗವ್ರಿಲ್ ಅವರು ಕಾಗದವನ್ನು ನಿಧಾನವಾಗಿ ಓದಿ ಮಡಿಸಿ ಕೊಟ್ಟರು. "ಬಹಳ ಸಂತೋಷ ಸಾಫ್ತಾ. ಒಂದು ಮಾತು ಕೇಳಲಾ? ನಾನು ಪೆನ್ಸಿಲಲ್ಲಿ ತಿದ್ದಿದ್ದಕ್ಕೆ ಅವನು ಬದುಕಿದ ಅಂದ್ಕೊಂಡಿಲ್ಲ ತಾನೇ?"

ಅವಳು ಸ್ವಲ್ಪ ಹಾಗೆಯೇ ಅಂದುಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು.

"ಕಾಗದದಲ್ಲಿ ಬೇರೇನೋ ಬರೆದಿದ್ದಿದ್ರೆ? ಆಗಲೂ ಇಲ್ಲಿಗೆ ಬರ್ತಿದ್ಯಾ?"

ಸಾಫ್ತಾ ತಲೆವಸ್ತ್ರದ ಗಂಟನ್ನು ಬಿಚ್ಚಿದಳು, ಮತ್ತೆ ಕಟ್ಟಿದಳು.

"ಬರ್ತಿದ್ದೆ ಗುರುಗಳೇ" ಎಂದಳು. "ಜಗಳ ಆಡೋಕಾದ್ರೂ ಬರ್ತಿದ್ದೆ. ಇನ್ನೆಲ್ಲಿಗೆ ಹೋಗಲಿ?"