ಮಡಿಲ ಕೂಸಿಗೂ ಸೀಟು

ಗಂಡನಿಗೆ ಮುಂಬೈಯಲ್ಲಿ ಕೆಲಸ, ರಜೆ ಸಿಗುವುದಿಲ್ಲ. ಮಗಳು ನಡೆಯುವುದನ್ನು ಅವರು ಫೋನಿನಲ್ಲಷ್ಟೇ ನೋಡಿದ್ದಾರೆ. ಅವಳನ್ನು ಅವರ ಹತ್ತಿರ ವಿಮಾನದಲ್ಲಿ ಕರೆದೊಯ್ಯುವ ಆಸೆಗೆ, ನಾರಾಯಣಪೇಟೆಯ ನಮ್ಮ ನೇಕಾರರ ಓಣಿಗೆ ಬೇಕಾದ ರೇಷ್ಮೆ, ಜರಿಯನ್ನೆಲ್ಲ ನನ್ನ ಕ್ರೆಡಿಟ್ ಕಾರ್ಡಿನಲ್ಲೇ ಕೊಂಡೆ. ನೇಕಾರರು ಕೊಟ್ಟ ನಗದಿನಿಂದ ಬಿಲ್ಲು ಕಟ್ಟುತ್ತ, ಖರ್ಚಿಗೆ ಕಾರ್ಡಿನವರು ಕೊಡುವ ಪಾಯಿಂಟನ್ನು ಒಂದು ವಿಮಾನದ ಟಿಕೆಟ್ಟಿಗಾಗುವಷ್ಟು ಕೂಡಿಸಿದೆ. ಕೂಸು ಮಡಿಲಲ್ಲಿ ಕೂರುತ್ತದೆ, ಅದಕ್ಕೆ ಟಿಕೆಟ್ಟು ಬೇಡ ಎಂದುಕೊಂಡಿದ್ದೆ.

ಟಿಕೆಟ್ಟು ಮಾಡಿಸಲು ಕಾರ್ಡಿನವರಿಗೆ ಫೋನು ಹಚ್ಚಿದೆ.

“ಮಗುವಿಗೆ ಎಷ್ಟು ವಯಸ್ಸು ಮೇಡಂ?” ಎಂದು ಫೋನೆತ್ತಿದ ಹುಡುಗಿ ಕೇಳಿದಳು.

“ಹೋದ ವಾರ ಎರಡು ತುಂಬ್ಯಾವ್ರಿ.”

“ಎರಡು ತುಂಬಿದ ಮೇಲೆ ಮಡಿಲಲ್ಲಿ ಕೂರಿಸುವಂತಿಲ್ಲ, ಮಗುವಿಗೂ ಬೇರೆ ಸೀಟು ಬೇಕು. ಇನ್ನೂ ಅಷ್ಟೇ ಪಾಯಿಂಟು ಕೂಡಿಸಿ, ಇರುವ ಪಾಯಿಂಟು ಎಲ್ಲೂ ಹೋಗಲ್ಲ.”

“ಪಾಯಿಂಟು ಹೋಗಂಗಿಲ್ಲ ಖರೇರಿ. ಅಲ್ಲೀತನಾ ಮಗಳು ಬೆಳ್ಯಾದು ನಿಲ್ಲತೈತೇನ್ರಿ?”

ಫೋನು ಇಟ್ಟೆ.

ನಮ್ಮೂರಿನಿಂದ ಮಖ್ತಲ್‌ಗೆ ಹೋಗುವ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ; ನನಗೂ ಟಿಕೆಟ್ಟಿನ ದುಡ್ಡಿಲ್ಲ, ಕೂಸಿಗೂ ಇಲ್ಲ. ಆ ಬಸ್ಸು ಮುಂಬೈಗೆ ಹೋಗುವುದಿಲ್ಲ, ಅಷ್ಟೇ.