ಹಂಡೆಯ ಒಲೆಗೆ ಹಾಕಿದ ಹೂವುಗಳು

ತಂಗಿ, ಅವತ್ತು ನಾನು ನಿನಗೆ ಸುಳ್ಳು ಹೇಳಿದೆ. ನಮ್ಮ ಮನೆತನದಲ್ಲಿ ಚಿತ್ರ ಬರೆಯುವವನು ಇದ್ದ. ಅವನ ಹಾಳೆಗಳೂ ಇದ್ದವು. ನಾನೇ ಸುಟ್ಟೆ — ಕೈತಪ್ಪಿ ಅಲ್ಲ, ಬೇಕಂತಲೇ.

ಎರಡನೇ ಈಯತ್ತೆಗೆ ಸಾಲಿ ಬಿಟ್ಟವಳು ನಾನು. ಅಕ್ಷರ ಸೊಟ್ಟಗಿವೆ. ಓದಿಕೊ.

ನೀನು ಬೆಳಗಾವಿಯ ಕಾಲೇಜಿನಿಂದ ಉದ್ಯಮಬಾಗದ ಹತ್ತಿರ ನನ್ನ ಮಗನ ಮನೆ ಹುಡುಕಿಕೊಂಡು ಬಂದೆ. ಮೊಬೈಲಿನಲ್ಲಿ ಖಾನಾಪುರದ ಕಾಡಿನ ಹೂಗಳ ಚಿತ್ರ ತೋರಿಸಿದೆ. ಈಗ ಇಂಗ್ಲೆಂಡಿನಲ್ಲಿವೆ, ಇವುಗಳ ಮೇಲೆ ಪುಸ್ತಕ ಬರೆಯುತ್ತಿದ್ದೇನೆ ಎಂದೆ. ಎಲ್ಲದರ ಕೆಳಗೂ ಆಗಿನ ಇಂಗ್ಲಿಷ್ ದೊರೆಯ ಹೆಸರು.

"ಅಜ್ಜೀ, ಇವನ್ನ ನಿಮ್ಮ ಅತ್ತಿಯವರ ಅಪ್ಪ ಬರದಾರ ಅಂತ ಬೀಡಿ ಊರಾಗ ಹೇಳ್ತಾರ್ರಿ. ಪುರಾವಿ ಏನರ ಐತೇನ್ರಿ?"

"ನಮ್ಮ ಮನ್ಯಾಗ ಅಂಥಾವ್ರು ಯಾರೂ ಇರ್ಲಿಲ್ಲವ್ವ. ಚಾ ಕುಡಿ, ಆರತೈತಿ" ಅಂದೆ. ನೀನು ಚಹಾ ಕುಡಿದು ಹೋದೆ.

ಇದ್ದ. ಬೀಡಿ ಊರಿನ ರುದ್ರಪ್ಪ ಅಂತ. ದೊರೆಯ ಹಿಂದೆ ಜಾಂಬೋಟಿ ಕಾಡು ಸುತ್ತುತ್ತಿದ್ದ. ಕಿತ್ತ ಹೂ ನೋಡನೋಡುತ್ತಲೇ ಬಾಡುತ್ತದೆ. ಹಾಗಾಗಿ ಅಲ್ಲೇ ಕುಳಿತು ಒಂದೇ ಎಲೆಗೆ, ಒಂದೇ ಎಸಳಿಗೆ ಬಣ್ಣ ಹಚ್ಚಿ, ಉಳಿದದ್ದನ್ನು ಸೀಸಕಡ್ಡಿಯಲ್ಲಿ ಗೆರೆ ಎಳೆದು ಬಿಡುತ್ತಿದ್ದ. ಬಂಗಲೆಗೆ ಬಂದು ಅದನ್ನು ನೋಡಿಕೊಂಡು ಪೂರ್ತಿ ಚಿತ್ರ ಮಾಡಿ ದೊರೆಗೆ ಕೊಡುತ್ತಿದ್ದ. ದೊರೆ ಅದಕ್ಕೆ ತನ್ನ ಹೆಸರು ಹಾಕಿಕೊಳ್ಳುತ್ತಿದ್ದ. ಕಾಡಿನಲ್ಲಿ ಬರೆದ ಅರ್ಧಂಬರ್ಧ ಹಾಳೆಗಳು ಮಾತ್ರ ರುದ್ರಪ್ಪನ ಹತ್ತಿರವೇ ಉಳಿದವು. ಅವನ ಹೆಸರು ಇದ್ದದ್ದು ಆ ಹಾಳೆಗಳ ಹಿಂಬದಿಯಲ್ಲಿ — ಬೇರೆಲ್ಲೂ ಇಲ್ಲ.

ಅವನ ಮಗಳು ಬಸಲಿಂಗವ್ವ ನನ್ನ ಅತ್ತೆ. ಆ ಹಾಳೆಗಳ ಗಂಟನ್ನು ಟ್ರಂಕಿನಲ್ಲಿಟ್ಟು ಖಾನಾಪುರದ ಗಂಡನ ಮನೆಗೆ ತಂದಿದ್ದಳು. ನಡುವಯಸ್ಸು ದಾಟಿದ ಮೇಲೆ ಕಣ್ಣು ಹೋದವು. ಆದರೂ ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ಅಂಗಳದಲ್ಲಿ ಕೌದಿ ಹಾಸಿ ಹಾಳೆಗಳನ್ನು ಬಿಸಿಲಿಗೆ ಹರವಬೇಕು. ಯಾವ ಹೂ ಅಂತ ನಾನು ಹೇಳಬೇಕು. ಯಾವ ಗುಡ್ಡದ್ದು ಅಂತ ಅವಳು ಹೇಳುವಳು. ಆಮೇಲೆ ನಾನು ಹಾಳೆ ತಿರುವಿ ಓದಬೇಕು — "ರುದ್ರಪ್ಪ ಬರೆದದ್ದು, ಬೀಡಿ." ಅಷ್ಟಕ್ಕೇ ಅವಳ ಮುಖ ಅರಳುತ್ತಿತ್ತು. ಅದನ್ನು ನೋಡಿದರೆ ನನಗೆ ಉರಿ.

ಒಂದು ವರ್ಷ ಓಣಿಯ ಹೆಂಗಸರೆಲ್ಲ ಕುಳಿತಿದ್ದಾಗ ಅಂದಳು, "ಸಾವಕಾಶ ಹಿಡಿ, ಸಗಣಿ ಬಳಿಯೋ ಕೈ ನಿಂದು. ನಮ್ಮಪ್ಪನ ಕೈ ಅಂದ್ರ ರೇಶ್ಮಿ."

"ಹೌದ್ರೀ ಅತ್ತಿ. ರೇಶ್ಮಿ ಕೈಲೆ ಅರ್ಧಾ ಹೂ ಬರದು ಮಲಗಿದ್ನೇನ್ರಿ ನಿಮ್ಮಪ್ಪ?"

ಹೆಂಗಸರು ನಕ್ಕರು. ಅವಳು ನಗಲಿಲ್ಲ. "ತಿಳೀಲಾರದವರಿಗೆ ಅದು ಅರ್ಧಾ" ಅಂದಳು.

ಮರುದಿನ ಮುಂಜಾನೆ ಗಂಟನ್ನು ಬಚ್ಚಲಿನ ಹಂಡೆಯ ಕೆಳಗೆ ತುರುಕಿದೆ. ದಪ್ಪ ಕಾಗದ, ಬೇಗ ಹತ್ತಲಿಲ್ಲ. ಊದುಗೊಳವೆ ಹಿಡಿದು ಊದಿ ಊದಿ ಹತ್ತಿಸಿದೆ. ಬೆಲೆಬಾಳುವ ಕಾಗದ ಅಂತ ಗೊತ್ತಿರಲಿಲ್ಲ ಅನ್ನಬಹುದು — ಅನ್ನುವುದಿಲ್ಲ. ಅವಳಿಗೆ ಅದೇ ಜೀವ ಅಂತ ಗೊತ್ತಿತ್ತು. ಅದಕ್ಕೇ ಹಾಕಿದೆ. ಅದೇ ನೀರಿನಿಂದ ಅವಳಿಗೆ ಎರೆದೆ.

"ಇವತ್ತ ನೀರು ಛಲೋ ಕಾದಾವ, ಗಂಗವ್ವ" ಅಂದಳು. "ಇನ್ನೊಂದ ಚರಿಗಿ ಹಾಕು."

ಹಾಕಿದೆ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ.

ಮುಂದಿನ ವರ್ಷ ಹಳೇ ಕ್ಯಾಲೆಂಡರಿನ ಹಾಳೆ ಹರವಿದೆ. ಬಾಯಿಗೆ ಬಂದ ಹೂವಿನ ಹೆಸರು ಹೇಳಿದೆ. ಏನೂ ಬರೆಯದ ಹಿಂಬದಿ ನೋಡಿ "ರುದ್ರಪ್ಪ ಬರೆದದ್ದು, ಬೀಡಿ" ಅಂತ ಓದಿದೆ. ಅವಳು ಒಂದು ಹಾಳೆ ಎತ್ತಿ ಗಲ್ಲಕ್ಕೆ ಹಚ್ಚಿಕೊಂಡಳು. ಅಪ್ಪನ ಕಾಗದ ಒರಟು, ಇದು ನುಣುಪು. ಬಹಳ ಹೊತ್ತು ಹಾಗೇ ಹಿಡಿದಿದ್ದಳು. "ಇನ್ನೊಮ್ಮಿ ಓದು" ಅಂದಳು. ಓದಿದೆ.

ಮರುದಿನ ಸ್ನಾನಕ್ಕೆ ಕೂತವಳು ಹಂಡೆಯ ಕಡೆ ಕೈ ಮಾಡಿ, "ಅದು ಬ್ಯಾಡ. ನನಗ ತಣ್ಣೀರ ಸಾಕು" ಅಂದಳು.

ಖಾನಾಪುರದ ಮಳೆ, ಚಳಿ. ಸಾಯುವ ತನಕ ತಣ್ಣೀರೇ. ನಾನು ಒಮ್ಮೆಯೂ ಯಾಕೆ ಅಂತ ಕೇಳಲಿಲ್ಲ. ಬಿಸಿನೀರು ತಂದು ಕೊಡಲೂ ಇಲ್ಲ. ಪ್ರತಿ ವರ್ಷ ಆ ಕ್ಯಾಲೆಂಡರ್ ಹರವಿಸಿಕೊಂಡು ಅವಳು ಅಪ್ಪನ ಹೆಸರನ್ನು ನನ್ನ ಬಾಯಿಂದ ಓದಿಸಿಕೊಂಡಳು. ಅದು ಯಾಕೆ — ನನಗೆ ಈಗ ತಿಳಿಯುತ್ತದೆ: ಹಾಳೆ ಹೋದ ಮೇಲೆ ಆ ಹೆಸರು ಉಳಿದದ್ದು ಸುಟ್ಟವಳ ಬಾಯಲ್ಲಿ ಮಾತ್ರ. ಆಗಲೂ ತಿಳಿದಿತ್ತೇನೋ.

ನಿನ್ನ ಮೊಬೈಲಿನಲ್ಲಿ ಒಂದು ಕಾರವಿ ಹೂವಿತ್ತು. ಅದರ ಒಂದು ಎಲೆಯಲ್ಲಿ ಹುಳ ಕೊರೆದ ತೂತು, ನೋಡಿದೆಯಾ? ರುದ್ರಪ್ಪನ ಒಂದು ಹಾಳೆಯ ಮೇಲೆ ಅದೇ ಎಲೆ, ಅದೇ ತೂತು ನಾನು ಕಂಡಿದ್ದೆ. ಬೆಂಕಿ ಮೊದಲು ಹತ್ತಿದ್ದು ಆ ಹಾಳೆಗೇ. ಗುರುತು ಹಿಡಿದೇ ನಿನಗೆ ಚಹಾ ಕುಡಿ ಅಂದೆ.

ರುದ್ರಪ್ಪ ಬರೆದದ್ದು, ಬೀಡಿ.

ಇದು ನನ್ನ ಕೈಬರಹ, ಅವನದಲ್ಲ. ಪುರಾವೆ ಆಗುವುದಿಲ್ಲ, ಗೊತ್ತು. ನಿನ್ನ ಪುಸ್ತಕದಲ್ಲಿ ಬರೆದವನ ಹೆಸರು ಹಾಕಲು ಬಾರದಿದ್ದರೆ ಸುಟ್ಟವಳ ಹೆಸರಾದರೂ ಹಾಕು. ಗಂಗವ್ವ.