ಆಂಟೆನಾಕ್ಕೆ ಕಟ್ಟಿದ ಮಾಲೆ

ಆಗಸ್ಟ್ ಒಂದರಂದು, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದ ಮೊದಲ ಬೆಳಿಗ್ಗೆ, ಮಲ್ಪೆ ಬಂದರಿನಲ್ಲಿ ನನ್ನ ಅಣ್ಣನ ಬೋಟು ಹೊರಡಲಾಗದೆ ನಿಂತಿತ್ತು. ಹಿಂದಿನ ಸಂಜೆ ಕ್ಯಾಬಿನ್ನಿನ ಮೇಲೆ ಹೊಸ ಜಿಪಿಎಸ್ ಆಂಟೆನಾ ಕೂರಿಸಿ, ಪರದೆಯಲ್ಲಿ ಬೋಟಿನ ಸ್ಥಾನ ಮೂಡಿದ್ದನ್ನು ನೋಡಿಯೇ ಇಳಿದಿದ್ದೆವು. ಈಗ ಪರದೆ ಖಾಲಿಯಾಗಿತ್ತು. ಮಳೆಗೆ ಎದುರಿನ ಬೋಟುಗಳೇ ಕಾಣುತ್ತಿರಲಿಲ್ಲ. ದಾರಿಯಲ್ಲಿ ತಪ್ಪಿಸಿಕೊಂಡು ಹೋಗಬೇಕಾದ ಕಾಪುವಿನ ಬಂಡೆಗಳು ಕಾಣುವ ಮಾತೇ ಇರಲಿಲ್ಲ. ಉಬ್ಬರ ಇಳಿಯುವ ಮೊದಲು ಅಳಿವೆ ದಾಟಬೇಕಿತ್ತು.

ಕಾರ್ಕಳದಿಂದ ಬಂದಿದ್ದ ಮೆಕ್ಯಾನಿಕ್ ಕೇಬಲ್ಲನ್ನು ಮತ್ತೆ ಬಿಚ್ಚಿ ಜೋಡಿಸಿದ.

"ಎಂತ ಮಾರಾಯ, ನಿನ್ನೆ ಸರಿ ಇತ್ತಲ್ವಾ?" ಎಂದು ಅಣ್ಣ ಎಂಜಿನ್ ಚಾಲೂ ಮಾಡಿದ. "ಬಿಡು. ನನ್ನ ಅಪ್ಪ ಆಂಟೆನಾ ನೋಡಿಕೊಂಡು ಕಡಲಿಗೆ ಹೋದದ್ದಾ?"

"ಮಾವ ಇಂಥ ಮಳೆಗೆ ಹೊರಡ್ತಾನೇ ಇರಲಿಲ್ಲ," ಎಂದಳು ಬೋಟು ಕಟ್ಟುವ ಧಕ್ಕೆಯ ಮೇಲಿದ್ದ ಅತ್ತಿಗೆ.

ಮೆಕ್ಯಾನಿಕ್ ತಲೆಯೆತ್ತಿ ಆಂಟೆನಾ ನೋಡಿದ. ಮುಂಜಾನೆಯ ಪೂಜೆಯಲ್ಲಿ ಅತ್ತಿಗೆ ಹೊಸ ಆಂಟೆನಾಕ್ಕೂ ಕುಂಕುಮವಿಟ್ಟು, ಅದರ ತಲೆ ಮುಚ್ಚುವಂತೆ ಬೆಳ್ಳಿ ಬಣ್ಣದ ಜರಿ ಮಾಲೆ ಸುತ್ತಿದ್ದಳು.

"ಅದರಲ್ಲಿ ಅಲ್ಯೂಮಿನಿಯಂ ಹಾಳೆ ಉಂಟು. ಸಿಗ್ನಲ್ ಹೇಗೆ ಬರ್ತದೆ? ತೆಗೀರಿ ಅದನ್ನು," ಎಂದ ಮೆಕ್ಯಾನಿಕ್.

ಯಾರೂ ಕದಲಲಿಲ್ಲ. ಪೂಜೆಯ ಮಾಲೆಯನ್ನು ಬೋಟು ಕಡಲು ಸೇರುವ ಮೊದಲು ನಮ್ಮಲ್ಲಿ ಯಾರೂ ತೆಗೆಯುವುದಿಲ್ಲ. ಅಣ್ಣ ಹಗ್ಗ ಬಿಚ್ಚಲು ಬಗ್ಗಿದ. ಅಷ್ಟರಲ್ಲಿ ಅತ್ತಿಗೆ ಬೋಟಿಗೆ ಹಾರಿ, ಕ್ಯಾಬಿನ್ ಹತ್ತಿ, ಮಾಲೆ ಬಿಚ್ಚಿ ಬೋಟಿನ ಮೂತಿಗೆ ಕಟ್ಟಿದಳು.

"ತೆಗೆದದ್ದಲ್ಲ, ಜಾಗ ಬದಲಿಸಿದ್ದು," ಎಂದಳು.

ಸ್ವಲ್ಪ ಹೊತ್ತಿನಲ್ಲಿ ಪರದೆಯಲ್ಲಿ ಅಂಕಿಗಳು ಮೂಡಿದವು. ಅತ್ತಿಗೆ, ಮೆಕ್ಯಾನಿಕ್, ನಾನು ಧಕ್ಕೆಗೆ ಇಳಿದ ಮೇಲೆ ಬೋಟು ಅಳಿವೆ ದಾಟಿತು.

ಮಧ್ಯಾಹ್ನ ಬಂದರಿನ ವೈರ್‌ಲೆಸ್‌ನಲ್ಲಿ ಅಣ್ಣನ ಧ್ವನಿ ಬಂತು. ಕಾಪುವಿನ ಬಂಡೆಗಳು ಹಿಂದೆ ಉಳಿದಿವೆ, ಮಳೆ ನಿಂತಿಲ್ಲ, ಬಲೆ ಇನ್ನೂ ಬಿಟ್ಟಿಲ್ಲ ಎಂದ.